ಗಾಳ ಹಿಡಿದ ಕೈಯೇ ಕಾಯುವ ಕೈ

ಬೇಟೆಯ ವಿನೋದಕ್ಕೂ ಮೀನಿನ ಉಳಿವಿಗೂ ನಡುವೆ ಎರಡು ಸಾವಿರ ವರ್ಷಗಳಿಂದ ನಡೆದುಬಂದ ವ್ಯಾಜ್ಯ

ರಾಯಚೂರು ಜಿಲ್ಲೆಯ ಮಸ್ಕಿಗೂ ಮೀನಿಗೂ ಏನು ಸಂಬಂಧವೆಂದು ವಾಚಕರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಜೋಳ, ಹತ್ತಿ ಬೆಳೆಯುವ ಕಪ್ಪು ನೆಲ, ಬಿಸಿಲಿಗೆ ಕಾದು ನಿಂತ ಹೆಬ್ಬಂಡೆಗಳ ಗುಡ್ಡ, ಮಳೆ ಬಂದಾಗ ಮೈದುಂಬಿ ಬೇಸಿಗೆಯಲ್ಲಿ ಮರಳಾಗುವ ಹಳ್ಳ, ಇವು ಆ ಊರಿನ ಚಿತ್ರ. ನೆರೆಯ ಸಿಂಧನೂರಿನ ಸೀಮೆಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಬತ್ತದ ಹಸುರು ಕಾಣಿಸಿಕೊಂಡಿತಾದರೂ, ಕಡಲೆಂಬುದು ಅಲ್ಲಿಯವರ ಪಾಲಿಗೆ ನೂರಾರು ಕಿಲೋಮೀಟರುಗಳಾಚೆಯ ಮಾತು. ಆದರೂ ಮೀನನ್ನು ಆಟಕ್ಕಾಗಿ ಹಿಡಿಯಬಹುದೆ, ಹಿಡಿದರೆ ಎಷ್ಟು, ಯಾವಾಗ ಬಿಡಬೇಕು ಎಂಬ ಪ್ರಶ್ನೆಯ ಬೆನ್ನುಹತ್ತಿ ಹೊರಟವರಿಗೆ ಈ ಒಣನೆಲದ ಊರು ಒಳ್ಳೆಯ ಹೆಬ್ಬಾಗಿಲು. ಪ್ರಾಣಿವಧೆಗೆ ಕಟ್ಟಳೆ ವಿಧಿಸಿದ ದೊರೆಯೊಬ್ಬನ ಹೆಸರು ಲೋಕಕ್ಕೆ ಸ್ಪಷ್ಟವಾದದ್ದು ಇಲ್ಲಿಯೇ. ಮೀನು ಹಿಡಿಯುವುದನ್ನು ರಾಜವಿನೋದವೆಂದು ವರ್ಣಿಸಿದ ಮತ್ತೊಬ್ಬ ದೊರೆಯ ಮನೆತನ ಆಳಿದ್ದೂ ಇದೇ ಸೀಮೆಯನ್ನು.

ಬಂಡೆಯ ಮೇಲಿನ ಹೆಸರು

1915ನೆಯ ಇಸವಿಯಲ್ಲಿ, ಈ ಪ್ರದೇಶ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮೀ ಲಿಪಿಯ ಶಾಸನವೊಂದನ್ನು ಕಂಡರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದು ಮಾತ್ರ ಕರೆದುಕೊಂಡಿದ್ದನು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಅಂಕಿತನಾಮವೇ ಇದ್ದಿತು. ವಿದ್ವಾಂಸರು ಊಹಿಸಿ ನಂಬಿದ್ದ ಸಂಗತಿಗೆ ಕಲ್ಲಿನ ಸಾಕ್ಷ್ಯ ದೊರೆತಂತಾಯಿತು.

ಈ ಅಶೋಕನು ಉತ್ತರ ಹಿಂದೂಸ್ಥಾನದ ಕಂಬಗಳ ಮೇಲೆ ಕೆತ್ತಿಸಿದ ಶಾಸನಗಳಲ್ಲಿ ಐದನೆಯದು ಮೀನಿನ ಚರಿತ್ರೆಯಲ್ಲಿ ಬಹಳ ಮುಖ್ಯವಾದದ್ದು. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಆ ಆಜ್ಞೆಯಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಗಿಳಿ, ಹಂಸ, ಬಾವಲಿಗಳ ಜೊತೆಯಲ್ಲಿ ಕೆಲವು ಬಗೆಯ ಮೀನುಗಳೂ ಅದರಲ್ಲಿ ಸೇರಿವೆ. ಅಷ್ಟಕ್ಕೇ ನಿಲ್ಲದೆ, ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ತಿಷ್ಯ ಮಾಸದ ಹುಣ್ಣಿಮೆಯಲ್ಲಿಯೂ ಹಿಂದುಮುಂದಿನ ದಿನಗಳನ್ನು ಕೂಡಿಸಿ ಮೂರು ಮೂರು ದಿನ, ಹಾಗೂ ಉಪವಾಸದ ದಿನಗಳಂದು, ಯಾವ ಮೀನನ್ನೂ ಕೊಲ್ಲಕೂಡದು, ಮಾರಕೂಡದು ಎಂಬ ವಿಧಿಯಿದೆ. ಬೆಸ್ತರಿಗೆ ಮೀಸಲಾದ ಜಲಾಶಯಗಳಲ್ಲಿ ಆ ದಿನಗಳಂದು ಬೇರೆ ಜೀವಿಗಳನ್ನೂ ಮುಟ್ಟುವಂತಿರಲಿಲ್ಲ. ಕೊಲ್ಲುವುದಕ್ಕೆ ಮಾತ್ರವಲ್ಲದೆ ಮಾರುವುದಕ್ಕೂ ತಡೆಯೊಡ್ಡಿದ್ದು ಆಡಳಿತವನ್ನು ಬಲ್ಲವರ ಜಾಣತನ. ಸಂತೆಯಲ್ಲಿ ಬೆಲೆಯಿಲ್ಲದ ದಿನ ಬಲೆ ತಾನಾಗಿಯೇ ಒಣಗುತ್ತದೆ.

ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯಶಾಸ್ತ್ರಜ್ಞ ಡಾ. ಸುಂದರಲಾಲ ಹೋರಾ ಅವರು 1950ರ ಸುಮಾರಿನಲ್ಲಿ ಈ ಶಾಸನವನ್ನು ಮೀನುಗಾರಿಕೆಯ ಕಾನೂನೆಂಬ ದೃಷ್ಟಿಯಿಂದ ಪರಿಶೀಲಿಸಿದರು. ಆಷಾಢದ ಹುಣ್ಣಿಮೆ ಮಳೆಗಾಲದ ಮೊದಲ ದಿನಗಳಲ್ಲಿ ಬರುತ್ತದೆ. ನಮ್ಮ ನದಿಗಳ ಎಷ್ಟೋ ಮೀನುಗಳು ಹೊಸನೀರಿಗೆ ಎದುರಾಗಿ ಏರಿ ಮೊಟ್ಟೆಯಿಡುವ ಕಾಲವೂ ಅದೇ. ಧರ್ಮದ ದಿನಕ್ಕೂ ನೀರಿನ ದಿನಕ್ಕೂ ಹೀಗೆ ಹೊಂದಿಕೆ ಬಿದ್ದಿರುವುದು ಗಮನಾರ್ಹವಾದ ಸಂಗತಿ.

ಚಕ್ರವರ್ತಿಯ ಮತ್ಸ್ಯವಿನೋದ

ಅಶೋಕನ ಬಳಿಕ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳು ಕಳೆದವು. ಮಸ್ಕಿಯು ಶಾಸನಗಳಲ್ಲಿ 'ಪಿರಿಯ ಮೊಸಂಗಿ' ಎಂಬ ಹೆಸರಿನಿಂದ ಬೆಳಗುತ್ತಿದ್ದ ಕಲ್ಯಾಣದ ಚಾಲುಕ್ಯರ ಕಾಲ ಬಂದಿತು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1127ರ ಸುಮಾರಿಗೆ ಸಿಂಹಾಸನವನ್ನೇರಿದನು. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳನ್ನು ಧರಿಸಿದ ಈ ದೊರೆ ಕತ್ತಿಗಿಂತ ಲೇಖನಿಯಿಂದಲೇ ಹೆಚ್ಚಾಗಿ ಉಳಿದಿದ್ದಾನೆ. 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಅವನ ಸಂಸ್ಕೃತ ಗ್ರಂಥದಲ್ಲಿ ಅಡುಗೆಯಿಂದ ಆನೆಯವರೆಗೆ, ಚಿತ್ರದಿಂದ ಸಂಗೀತದವರೆಗೆ ಇಲ್ಲದ ವಿಷಯವಿಲ್ಲ. ಅರಸನ ವಿನೋದಗಳ ಸಾಲಿನಲ್ಲಿ 'ಮತ್ಸ್ಯವಿನೋದ'ವೂ ಒಂದು.

ಹೊಟ್ಟೆಪಾಡಿಗಾಗಿ ಮೀನು ಹಿಡಿಯುವ ಬೆಸ್ತನ ಕಸುಬನ್ನು ಈ ಅಧ್ಯಾಯ ಹೇಳುವುದಿಲ್ಲ. ಗಾಳದ ಕೋಲು, ನೂಲು, ಕೊಕ್ಕೆ, ಎರೆ ಇವುಗಳಿಂದ ಮೀನನ್ನು ಸೆಳೆದು, ಆಡಿಸಿ, ದಣಿಸಿ, ದಡಕ್ಕೆ ತರುವ ಕ್ರೀಡೆಯೇ ಅದರ ವಿಷಯ. ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ಸೋಮೇಶ್ವರನು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರ ಪ್ರಿಯ, ಅದನ್ನು ಮೊದಲೇ ಉಣಿಸಿ ಹೇಗೆ ರೂಢಿಮಾಡಬೇಕು ಎಂಬುದನ್ನೂ ತಿಳಿಸುತ್ತಾನೆ. ಅಶೋಕನ ಶಾಸನವನ್ನು ಪರಿಶೀಲಿಸಿದ ಹೋರಾ ಅವರೇ ಈ ಅಧ್ಯಾಯವನ್ನೂ ವಿವೇಚಿಸಿ, ಗಾಳದ ಆಟ ಪಾಶ್ಚಾತ್ಯರಿಂದ ನಮಗೆ ಬಂದ ವಿದ್ಯೆಯೆಂಬ ಭ್ರಮೆಯನ್ನು ದೂರಮಾಡಿದರು. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ ಗಾಳದ ಕುರಿತು ತನ್ನ ಪ್ರಖ್ಯಾತ ಗ್ರಂಥವನ್ನು ಹೊರತಂದದ್ದು 1653ರಲ್ಲಿ. ಕಲ್ಯಾಣದ ದೊರೆ ಅವನಿಗಿಂತ ಐದು ಶತಮಾನ ಹಿಂದಿನವನು.

ಒಬ್ಬ ದೊರೆ ಮೀನಿಗೆ ಅಭಯವನ್ನಿತ್ತನು. ಇನ್ನೊಬ್ಬ ದೊರೆ ಅದರೊಡನೆ ಆಡುವ ಕಲೆಯನ್ನು ಬರೆದನು. ಇವರಿಬ್ಬರ ನಡುವಣ ವಾದವೇ ಮುಂದಿನ ಕಥೆಯೆಲ್ಲ.

ಮಂಗಳೂರಿನ ಕಲೆಕ್ಟರರು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬವರು ಕಚೇರಿಯ ಕೆಲಸ ಮುಗಿದೊಡನೆ ಗಾಳದ ಕೋಲನ್ನು ಹಿಡಿದು ಹೊಳೆಯ ದಾರಿ ಹಿಡಿಯುತ್ತಿದ್ದ ಸಾಹೇಬರು. ಭಾರತದ ಗಾಳಗಾರಿಕೆಯನ್ನು ಕುರಿತು ಅವರು ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಮೊದಲು ಅಚ್ಚಾಯಿತು. ಘಟ್ಟದ ಹೊಳೆಗಳ ಮಹಸೀರ್ ಮೀನು, ಗಾತ್ರಕ್ಕೆ ಗಾತ್ರ ಹೋಲಿಸಿದರೆ, ತಮ್ಮ ದೇಶದ ಹೆಮ್ಮೆಯಾದ ಸಾಲ್ಮನ್ ಮೀನಿಗಿಂತಲೂ ಬಲವಾಗಿ ಸೆಣಸುವುದೆಂದು ಅವರು ಸಾರಿದರು. ಈ ಮಾತು ಇಂಗ್ಲೆಂಡಿನ ಹವ್ಯಾಸಿಗಳ ಕಿವಿಯಲ್ಲಿ ಮಂತ್ರದಂತೆ ಉಳಿಯಿತು.

ಆದರೆ ಥಾಮಸರಿಗೆ ಕೀರ್ತಿ ಸಲ್ಲಬೇಕಾದದ್ದು ಇನ್ನೊಂದು ಕಾರಣಕ್ಕೆ. ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಕುಳಿತವನಿಗೆ ಹೊಳೆಯ ಕಷ್ಟಸುಖ ತಿಳಿಯದಿರದು. ಮರಿಮೀನುಗಳೂ ತಪ್ಪಿಸಿಕೊಳ್ಳದಂತೆ ಒಡ್ಡಿದ ಕೂಳಿಗಳನ್ನೂ, ನೀರಿಗೆ ವಿಷದ ಕಾಯಿ ಅರೆದು ಹಾಕಿ ಮಡುವಿನ ಮೀನನ್ನೆಲ್ಲ ತೇಲಿಸುವ ರೂಢಿಯನ್ನೂ ಕಂಡು, ದಕ್ಷಿಣ ಕನ್ನಡದ ಮೀನಿನ ಸ್ಥಿತಿಯನ್ನು ಕುರಿತು ಅವರು ಸರಕಾರಕ್ಕೆ ವರದಿ ಬರೆದರು. ಅದೇ ಕಾಲದಲ್ಲಿ ವೈದ್ಯಾಧಿಕಾರಿ ಫ್ರಾನ್ಸಿಸ್ ಡೇ ದೇಶವನ್ನೆಲ್ಲ ಸುತ್ತಿ ಒಳನಾಡಿನ ಮತ್ತು ಕಡಲಿನ ಮೀನುಗಳ ಸ್ಥಿತಿಗತಿಯನ್ನು ವರದಿಮಾಡಿದರು. ಇಂಥವರ ಒತ್ತಾಯ ಕಾಲು ಶತಮಾನದ ಬಳಿಕ ಫಲಿಸಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನನ್ನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಹೊಳೆಗೆ ಮಾತ್ರವಲ್ಲದೆ ದಡದಿಂದ ಒಂದು ಕಡಲಹರದಾರಿಯವರೆಗಿನ ಸಮುದ್ರಕ್ಕೂ ಅದು ಅನ್ವಯಿಸಿತು.

ಕಾವೇರಿಯ ಮಡುವಿನಲ್ಲಿ

ಗಾಳದ ಆಟದಲ್ಲಿ ಅಂಥ ರೋಮಾಂಚನವೇನಿದೆ? ಕಾವೇರಿಯ ಮಹಸೀರ್ ಇದಕ್ಕೆ ಸರಿಯಾದ ಉತ್ತರ. ಬಿಳಿಮೀನೆಂದು ಹಳೆಯ ಮೈಸೂರಿನವರು ಕರೆಯುವ ಈ ಮೀನಿನ ಮೈ ತುಂಬ ಅಂಗೈಯಗಲದ ಹುರುಪೆ, ತಲೆಯ ಹಿಂದೆ ಎದ್ದುಕಾಣುವ ಡುಬ್ಬ. ಬಂಡೆಗಳ ನಡುವೆ ಭೋರ್ಗರೆಯುವ ಸೆಳವಿನ ಅಡಿಯಲ್ಲಿ, ಆಳವಾದ ಮಡುಗಳಲ್ಲಿ ಅದರ ವಾಸ. ಅದಕ್ಕೆ ಒಡ್ಡುವ ಎರೆಯಾದರೋ ನಮ್ಮ ಬಡವರ ಉಣಿಸು. ರಾಗಿಯ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ಕಟ್ಟಿದ ಮುದ್ದೆಯನ್ನು ಕೊಕ್ಕೆಗೆ ಮೆತ್ತಿ ಮಡುವಿಗೆ ಎಸೆಯುತ್ತಾರೆ. ಬೆಳಗಿನಿಂದ ಬೈಗಿನವರೆಗೆ ಕಾದರೂ ಏನೂ ಆಗದೆ ಹೋಗಬಹುದು. ಆದರೆ ಮೀನು ಕಚ್ಚಿತೆಂದರೆ ಆ ಕ್ಷಣವೇ ರೀಲು ಚೀರತೊಡಗುತ್ತದೆ. ನೂರಾರು ಗಜ ನೂಲನ್ನು ಒಂದೇ ಓಟದಲ್ಲಿ ಎಳೆದೊಯ್ಯುವ ಮೀನು ಬಂಡೆಯ ಸಂದಿಗೆ ನುಗ್ಗಿ ನೂಲನ್ನು ತೇಯ್ದು ಕತ್ತರಿಸಲು ನೋಡುತ್ತದೆ. ಅದರ ದವಡೆಯಲ್ಲಿ ಹಲ್ಲಿಲ್ಲ. ಗಂಟಲಲ್ಲಿರುವ ಹಲ್ಲುಗಳಾದರೋ ಏಡಿಯ ಚಿಪ್ಪನ್ನು ಪುಡಿಮಾಡಬಲ್ಲವು, ಉಕ್ಕಿನ ಕೊಕ್ಕೆಯನ್ನು ಮುರಿಯಬಲ್ಲವು. ಮೀನು ದಡದಿಂದ ದೂರ ಸರಿದಾಗ ಹರಿಗೋಲಿನಲ್ಲಿ ಅದರ ಬೆನ್ನುಹತ್ತುವುದೂ ಉಂಟು. ಹರಿಗೋಲು ಬುಗುರಿಯಂತೆ ತಿರುಗುತ್ತಿರಲು, ಯಾರು ಯಾರನ್ನು ಹಿಡಿದಿದ್ದಾರೆಂಬುದೇ ತಿಳಿಯದಂತಾಗುತ್ತದೆ.

ಒಮ್ಮೆ ಹವ್ಯಾಸಿಯೊಬ್ಬರು ಕಾವೇರಿಯಲ್ಲಿ 119 ಪೌಂಡಿನ ಮೀನನ್ನು ಹಿಡಿದಿದ್ದರು. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗನ್ ಅವರಿಗೆ ಕಬಿನಿಯಲ್ಲಿ 120 ಪೌಂಡಿನ, ಎಂದರೆ 54 ಕಿಲೋಗ್ರಾಮಿಗೂ ಮಿಕ್ಕಿದ, ಮೀನು ದೊರೆಯಿತು. ಸತ್ತ ಹುಲಿ ಚಿರತೆಗಳಿಗೆ ಜೀವಕಳೆ ಬರಿಸುವುದರಲ್ಲಿ ಜಗತ್ಪ್ರಸಿದ್ಧವಾಗಿದ್ದ ಮನೆತನ ಅವರದು. ದಕ್ಷಿಣದ ಹೊಳೆಗಳಲ್ಲಿ ಗಾಳಕ್ಕೆ ಸಿಕ್ಕಿದ ಮಹಸೀರ್‌ಗಳಲ್ಲಿ ಇಂದಿಗೂ ಅದನ್ನೇ ದಾಖಲೆಯೆಂದು ಎಣಿಸುತ್ತಾರೆ.

ಹಿಡಿದು ಬಿಡುವ ಧರ್ಮ

ಆ ಬಳಿಕ ಕೆಲವು ದಶಕ ಕಾವೇರಿಯ ದೈತ್ಯ ಮೀನುಗಳ ಮಾತು ಮರೆತುಹೋಗಿತ್ತು. 1977ರಲ್ಲಿ ಮೂವರು ಇಂಗ್ಲಿಷ್ ತರುಣರು ಹಳೆಯ ಪುಸ್ತಕಗಳ ಬೆನ್ನುಹತ್ತಿ ಬಂದು ಕಾವೇರಿಯಲ್ಲಿ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದ ಮೇಲೆ ದೇಶವಿದೇಶಗಳ ಹವ್ಯಾಸಿಗಳು ಮತ್ತೆ ಇತ್ತ ಮುಖಮಾಡಿದರು. ಬೆಂಗಳೂರಿನಲ್ಲಿ ನೆಲೆಗೊಂಡ ದಕ್ಷಿಣ ಭಾರತ ವನ್ಯಜೀವಿ ಸಂಘವೂ ಕೊಡಗಿನ ವನ್ಯಜೀವಿ ಸಂಘವೂ ಹೊಳೆಯ ಕೆಲವು ಭಾಗಗಳನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟವು. ಸರಕಾರಕ್ಕೆ ಸೇರಿದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಬಿಡಾರಗಳನ್ನು ನಡೆಸಿತು. ಅಲ್ಲಿಯ ಕಟ್ಟಳೆ ಒಂದೇ. ಹಿಡಿದ ಮೀನನ್ನು ತೂಗಿ, ಅಳೆದು, ಗಾಯವಾಗದಂತೆ ಮರಳಿ ನೀರಿಗೆ ಬಿಡತಕ್ಕದ್ದು. ದಣಿದ ಮೀನನ್ನು ಸೆಳವಿಗೆ ಎದುರಾಗಿ ಹಿಡಿದು, ಅದು ಉಸಿರು ತಿರುಗಿ ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯುವುದು ಈ ಆಟದ ಕೊನೆಯ ವಿಧಿ.

ಇದರಲ್ಲಿ ಮೆಚ್ಚತಕ್ಕ ಸಂಗತಿಯೊಂದುಂಟು. ಹಿಂದೆ ರಾತ್ರಿಯ ಹೊತ್ತು ತೋಟೆ ಸಿಡಿಸಿ ಮೀನು ಕದಿಯುತ್ತಿದ್ದ ಹಳ್ಳಿಗರಲ್ಲಿ ಕೆಲವರು ಈ ಬಿಡಾರಗಳಲ್ಲಿ ಮಾರ್ಗದರ್ಶಕರಾಗಿ ಸಂಬಳಕ್ಕೆ ಸೇರಿದರು. ಯಾವ ಮಡುವಿನಲ್ಲಿ ಯಾವ ಮೀನಿದೆಯೆಂದು ಅವರಷ್ಟು ಬಲ್ಲವರಿರಲಿಲ್ಲ. ಕೊಂದರೆ ಒಂದು ದಿನದ ಊಟವಾಗುತ್ತಿದ್ದ ಮೀನು ಜೀವಂತವಾಗಿದ್ದರೆ ವರ್ಷವಿಡೀ ಸಂಸಾರವನ್ನು ಸಾಕುತ್ತದೆಂಬ ಲೆಕ್ಕ ಅವರಿಗೆ ಯಾವ ಉಪನ್ಯಾಸವೂ ಇಲ್ಲದೆ ತಿಳಿಯಿತು.

ಕಾವೇರಿಯ ಈ ಭಾಗ 1987ರಲ್ಲಿ ವನ್ಯಜೀವಿಧಾಮವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ಬೇಟೆ ನಿಷಿದ್ಧ. ಮೀನನ್ನು ಗಾಳಕ್ಕೆ ಸಿಕ್ಕಿಸುವುದು ಬೇಟೆಯೇ ಅಲ್ಲವೆ ಎಂಬ ಪ್ರಶ್ನೆ ಎದ್ದು, 2010ರ ನಂತರದ ಕೆಲವು ವರ್ಷಗಳಲ್ಲಿ ಅಲ್ಲಿಯ ಗಾಳದ ಆಟ ನಿಂತುಹೋಯಿತು. ಹುಲಿಗೊಂದು ನ್ಯಾಯ, ಮೀನಿಗೊಂದು ನ್ಯಾಯ ಸಲ್ಲದು, ನೋವು ಎಲ್ಲ ಪ್ರಾಣಿಗೂ ನೋವೇ ಎಂಬ ವಾದವನ್ನು ತಳ್ಳಿಹಾಕಲಾಗದು. ಹವ್ಯಾಸಿಗಳು ಹೋದ ಮೇಲೆ ರಾತ್ರಿಯ ಕಾವಲೂ ಹೋಯಿತು, ತೋಟೆಯ ಸದ್ದು ಮರಳಿತು ಎಂಬ ಎದುರುವಾದಿಗಳ ಅಳಲೂ ಕೇಳಿಬಂದಿದೆ. ಅಶೋಕನೂ ಸೋಮೇಶ್ವರನೂ ಮತ್ತೊಮ್ಮೆ ಎದುರುಬದುರಾಗಿ ನಿಂತಂತಾಯಿತು.

ಹೆಸರಿಲ್ಲದ ಮೀನು

ಈ ವಾದದ ನಡುವೆ ವಿಚಿತ್ರವಾದ ಸಂಗತಿಯೊಂದು ಬೆಳಕಿಗೆ ಬಂದಿತು. ಗಾಲಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಇಟ್ಟಿದ್ದರು. 23 ಸಾವಿರಕ್ಕೂ ಮಿಕ್ಕ ಗಂಟೆಗಳ ಗಾಳದ ದುಡಿಮೆ, 6 ಸಾವಿರಕ್ಕೂ ಮಿಕ್ಕ ಮೀನುಗಳು. ವಿಜ್ಞಾನಿಗಳು ಈ ದಿನಚರಿಯನ್ನು ಬಿಡಿಸಿ ನೋಡಿದಾಗ, ಮೀನಿನ ಒಟ್ಟು ಸಂಖ್ಯೆ ಏರುತ್ತಿದ್ದರೂ ಡುಬ್ಬದ ಮಹಸೀರ್ ಮಾತ್ರ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿದ್ದುದು ಕಂಡುಬಂದಿತು. ಏರುತ್ತಿದ್ದುದು ನೀಲಿ ರೆಕ್ಕೆಯ ಇನ್ನೊಂದು ಮಹಸೀರ್.

ಈ ನೀಲಿ ರೆಕ್ಕೆಯ ಮೀನು ಕಾವೇರಿಯದಲ್ಲ. ಕೃಷ್ಣೆಯ ಮೇಲ್ಹೊಳೆಗಳಾದ ಪುಣೆಯ ಮುಳಾ ಮುಠಾಗಳಿಂದ ಕರ್ನಲ್ ಸೈಕ್ಸ್ ಎಂಬವರು 1839ರಲ್ಲಿ ಅದನ್ನು ವರ್ಣಿಸಿದ್ದರು. ಮಸ್ಕಿಯ ಹಳ್ಳ ತುಂಗಭದ್ರೆಯನ್ನು ಸೇರಿ, ತುಂಗಭದ್ರೆ ಕೃಷ್ಣೆಯನ್ನು ಸೇರುವುದರಿಂದ ಅದು ಮಸ್ಕಿಯ ನೀರಿನ ಬಳಗದ್ದೇ ಎನ್ನಬಹುದು. ಲೋನಾವಳದ ಬಳಿಯ ಟಾಟಾ ವಿದ್ಯುತ್ ಸಂಸ್ಥೆಯ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಈ ಮೀನನ್ನು ಲಕ್ಷಾಂತರವಾಗಿ ಬೆಳೆಸಿ ದೇಶದ ನಾನಾ ಹೊಳೆಗಳಿಗೆ ಹಂಚಲಾಯಿತು. ಮಹಸೀರ್ ವಂಶವನ್ನು ಉಳಿಸಬೇಕೆಂಬ ಸದುದ್ದೇಶವೇ ಅದರ ಹಿಂದೆ ಇದ್ದಿತು. ಕಾವೇರಿಗೂ ಆ ಮರಿಗಳು ಬಂದವು. ಉಪಕಾರಕ್ಕೆಂದು ಕರೆದ ಅತಿಥಿ ಮನೆಯೊಡೆಯನ ಜಾಗವನ್ನೇ ಆಕ್ರಮಿಸಿದಂತಾಯಿತು. ಅಣೆಕಟ್ಟುಗಳಿಂದ ವಲಸೆಯ ದಾರಿ ಮುಚ್ಚಿದ್ದು, ಮರಳು ತೆಗೆದದ್ದು, ತೋಟೆ ಹಾಕಿದ್ದು ಇವೂ ಕೂಡಿಕೊಂಡವು.

ಇದಕ್ಕಿಂತ ವಿಷಾದದ ಮಾತೆಂದರೆ, ನೂರೈವತ್ತು ವರ್ಷ ಜಗತ್ತಿನ ಹವ್ಯಾಸಿಗಳು ಬೆನ್ನುಹತ್ತಿದ ಈ ಡುಬ್ಬದ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರೇ ನಿಶ್ಚಯವಾಗಿರಲಿಲ್ಲ. ಹೆಸರಿಲ್ಲದ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದಾದರೂ ಹೇಗೆ? 2018ರಲ್ಲಿ, ಕಾವೇರಿಯ ಉಪನದಿಯಾದ ಭವಾನಿಯನ್ನು ಸೇರುವ ಮೋಯಾರಿನಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರಿನಿಂದ ಅದಕ್ಕೆ ಹಿಂದೆಯೇ ವರ್ಣಿತವಾಗಿದ್ದ 'ಟಾರ್ ರೆಮಾದೇವಿ' ಎಂಬ ಜಾತಿಯೂ ಇದೂ ಒಂದೇ ಎಂದು ವಿದ್ವಾಂಸರು ತೀರ್ಮಾನಿಸಿದರು. ಅದೇ ವರ್ಷ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ತೀವ್ರ ವಿನಾಶದ ಅಂಚಿನಲ್ಲಿರುವ ಜೀವಿಯೆಂದು ಸಾರಿತು. ಹೆಸರು ಸಿಕ್ಕಿದ ವರ್ಷವೇ ಅಪಾಯದ ಗಂಟೆಯೂ ಮೊಳಗಿತು. ಅದಕ್ಕೆ ಆಧಾರವಾಗಿ ಒದಗಿದ ಮುಖ್ಯ ಸಾಮಗ್ರಿಗಳಲ್ಲಿ ಗಾಳ ಹಿಡಿದವರ ದಿನಚರಿಯೂ ಒಂದೆಂಬುದನ್ನು ಮರೆಯಬಾರದು.

ಉಪ್ಪುನೀರಿನ ಸಾಹಸ

ಹೊಳೆಯ ಮೀನೇ ಇಷ್ಟು ಕುಣಿಸುವುದಾದರೆ ಕಡಲಿನ ಮೀನಿನ ಮಾತೇನು! 1898ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಬಳಿಯ ಕ್ಯಾಟಲೀನಾ ದ್ವೀಪದಲ್ಲಿ ಚಾರ್ಲ್ಸ್ ಹೋಲ್ಡರ್ ಎಂಬವರು 183 ಪೌಂಡಿನ ಟ್ಯೂನಾ ಮೀನನ್ನು ಗಾಳದ ಕೋಲಿನಿಂದಲೇ ದೋಣಿಗೆ ತಂದರು. ಅದೇ ವರ್ಷ ಅಲ್ಲಿ ಟ್ಯೂನಾ ಸಂಘ ಹುಟ್ಟಿತು. ದಪ್ಪ ಹುರಿಯಿಂದ ರಾಶಿ ರಾಶಿಯಾಗಿ ಮೀನೆಳೆದು ಕೆಡಿಸುತ್ತಿದ್ದ ಜನರಿಗೆ, ತೆಳುವಾದ ನೂಲಿನಿಂದ ಸಮಬಲದ ಹೋರಾಟ ನಡೆಸುವುದೇ ಮರ್ಯಾದೆಯೆಂದು ಕಲಿಸಲು ಆ ಸಂಘ ಹೊರಟಿತು. 1939ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕ್ರೀಡಾಮೀನು ಸಂಘಕ್ಕೆ ಕಾದಂಬರಿಕಾರ ಹೆಮಿಂಗ್ವೆಯೂ ಪದಾಧಿಕಾರಿಯಾಗಿದ್ದರು. 1953ರಲ್ಲಿ ಪೆರು ದೇಶದ ಕಾಬೋ ಬ್ಲಾಂಕೋ ತೀರದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಎಂಬವರು 1,560 ಪೌಂಡಿನ ಕಪ್ಪು ಮಾರ್ಲಿನ್ ಮೀನನ್ನು ಹಿಡಿದರು. ಏಳುನೂರು ಕಿಲೋಗ್ರಾಮಿಗೂ ಮಿಕ್ಕಿದ ಆ ದೈತ್ಯ ಅಲೆಗಳಿಂದ ಮೇಲಕ್ಕೆ ನೆಗೆಯುವ ದೃಶ್ಯವನ್ನು ಹೆಮಿಂಗ್ವೆಯವರ ಮುದುಕ ಬೆಸ್ತನ ಕಥೆಯ ಚಲನಚಿತ್ರದಲ್ಲಿ ಬಳಸಿಕೊಂಡರು.

ಆ ಸಾಹಸದ ಬೆನ್ನಿಗೇ ಇನ್ನೊಂದು ಕೆಲಸವೂ ಸಾಗಿತು. 1954ರಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲಶಾಸ್ತ್ರ ಸಂಸ್ಥೆಯ ಫ್ರಾಂಕ್ ಮ್ಯಾಥರ್ ಎಂಬ ವಿಜ್ಞಾನಿ, ಹಿಡಿದ ಮೀನನ್ನು ಕೊಲ್ಲದೆ ಅದರ ಬೆನ್ನಿಗೆ ಅಂಕೆಯ ಚೀಟಿಯೊಂದನ್ನು ಚುಚ್ಚಿ ಬಿಡುವಂತೆ ಹವ್ಯಾಸಿಗಳನ್ನು ಒಲಿಸಿದರು. ಅಮೆರಿಕದ ತೀರದಲ್ಲಿ ಚೀಟಿ ಧರಿಸಿದ ಟ್ಯೂನಾ ಮೀನು ಅಟ್ಲಾಂಟಿಕ್ ಸಾಗರವನ್ನೇ ದಾಟಿ ಯೂರೋಪಿನ ಕಡೆ ಸಿಕ್ಕಿದಾಗ, ಕಡಲಿನ ಮೀನಿಗೆ ದೇಶಗಳ ಗಡಿಯಿಲ್ಲವೆಂಬುದೂ ಅದನ್ನು ಕಾಯುವ ಹೊಣೆ ಒಂದು ದೇಶದ್ದಲ್ಲವೆಂಬುದೂ ಸಿದ್ಧವಾಯಿತು.

ನಮ್ಮ ಕಡಲು

ಕಾರವಾರದಿಂದ ಉಳ್ಳಾಲದವರೆಗೆ ಹಬ್ಬಿದ ನಮ್ಮ ಕರಾವಳಿಯಲ್ಲಿ ಬಂಡೆಯ ಮೇಲೆ ನಿಂತು ಗಾಳ ಬೀಸುವ ಹವ್ಯಾಸಿಯನ್ನು ಸಂಜೆಯ ಹೊತ್ತು ಕಾಣಬಹುದು. ಅವನು ಹಿಡಿಯುವುದು ಒಂದೆರಡು ಮೀನು. ಕಡಲಿನ ಬಡತನಕ್ಕೆ ಅವನು ಕಾರಣನಲ್ಲ. ಅದರ ಕಥೆ ಬೇರೆಯೇ ಇದೆ.

ಹಿಂದೆ ಇಲ್ಲಿ ರಂಪಣಿ ಬಲೆಯ ಕಾಲವಿದ್ದಿತು. ಬಂಗುಡೆ, ಬೂತಾಯಿಗಳ ಹಿಂಡು ದಡದ ಹತ್ತಿರ ಬಂದಾಗ ಬೃಹತ್ತಾದ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಊರಿನ ಹತ್ತಾರು ಮಂದಿ ಎರಡು ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. ಮೀನು ದಡಕ್ಕೆ ಬಾರದಿದ್ದರೆ ಬಲೆಗೂ ರಜೆ. ಈ ಕಾಯುವಿಕೆಯೇ ಮೀನಿಗೆ ದೊರೆಯುತ್ತಿದ್ದ ಅಭಯ. 1975–76ರ ಸುಮಾರಿಗೆ ಯಂತ್ರದ ಪರ್ಸೀನ್ ದೋಣಿಗಳು ಬಂದು, ದಡಕ್ಕೆ ಬರುವ ಮುನ್ನವೇ ಹಿಂಡನ್ನು ಸುತ್ತುಗಟ್ಟಿ ಬಾಚತೊಡಗಿದವು. ಮೊದಮೊದಲು ಹೊನ್ನಿನ ಸುಗ್ಗಿಯೇ ಆಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಎಳೆಯುತ್ತಿದ್ದ ಕೈಗಳಿಗೆ ಕೆಲಸ ತಪ್ಪಿತು. ಮೊಗವೀರರ, ಖಾರ್ವಿಗಳ ಕೇರಿಗಳಲ್ಲಿ ಜಗಳ ಎದ್ದಿತು. ಅದರ ಮೇಲೆ ಟ್ರಾಲರುಗಳು ಕಡಲ ತಳವನ್ನೇ ಗುಡಿಸಿದವು. ಮಾರುಕಟ್ಟೆಗೆ ಬಾರದ ಮರಿಮೀನು ಮೀನುಹುಡಿಯ ಕಾರ್ಖಾನೆಗೆ ಹೋಗತೊಡಗಿತು. ಇತ್ತೀಚೆಗೆ ಪ್ರಖರವಾದ ವಿದ್ಯುದ್ದೀಪಗಳನ್ನು ಹೊತ್ತಿಸಿ ಮೀನುಗಳನ್ನು ಮರುಳುಗೊಳಿಸಿ ಬಾಚುವ ಉಪಾಯವೂ ಬಂದಿತು.

ಕಟ್ಟಳೆಗಳು ಇಲ್ಲವೆನ್ನುವಂತಿಲ್ಲ. ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯಿದೆಯನ್ನು ಕರ್ನಾಟಕ 1986ರಲ್ಲಿ ಮಾಡಿತು. ತಿಮಿಂಗಿಲ ಶಾರ್ಕ್ 2001ರಲ್ಲಿ ಹುಲಿಯಷ್ಟೇ ಬಲವಾದ ರಕ್ಷಣೆಯನ್ನು ಪಡೆಯಿತು. ಜೋಡಿ ದೋಣಿಯ ಟ್ರಾಲಿಂಗನ್ನೂ ದೀಪದ ಮೀನುಗಾರಿಕೆಯನ್ನೂ ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ದಡದಲ್ಲೇ ಉಳಿಯಬೇಕೆಂಬ ನಿಯಮವಿದೆ. ಆಷಾಢದ ಹುಣ್ಣಿಮೆ ಸಾಮಾನ್ಯವಾಗಿ ಈ 61 ದಿನಗಳೊಳಗೇ ಬರುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಆಜ್ಞೆಗೆ ಇದು ವಂಶದಲ್ಲಿ ಮೊಮ್ಮಗನೆಂದರೆ ತಪ್ಪಾಗದು.

ಕಟ್ಟಳೆಗಿಂತ ಮಿಗಿಲಾದದ್ದು

ಹಾಗಾದರೆ ಮೀನನ್ನು ಕಾಯುವವರು ಯಾರು? ನಮ್ಮ ನಾಡಿನಲ್ಲಿ ದೇವರಿಗೂ ಈ ಕೆಲಸವನ್ನು ಒಪ್ಪಿಸಿದ್ದಾರೆ. ಶೃಂಗೇರಿಯ ತುಂಗೆಯಲ್ಲಿ, ಕಾವೇರಿ ತೀರದ ರಾಮನಾಥಪುರದಲ್ಲಿ, ದಕ್ಷಿಣ ಕನ್ನಡದ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ಭಕ್ತರ ಕೈಯಿಂದಲೇ ಅಕ್ಕಿ, ಮಂಡಕ್ಕಿಗಳನ್ನು ತಿನ್ನುತ್ತವೆ. ಆದರೂ 1996ರಲ್ಲಿ ಯಾರೋ ದುರುಳರು ಶಿಶಿಲದ ಹೊಳೆಗೆ ವಿಷವಿಕ್ಕಿ ಸಾವಿರಾರು ಮೀನುಗಳು ಸತ್ತು ತೇಲಿದವು. ಊರಿನವರು ಅವುಗಳಿಗಾಗಿ ಸ್ಮಾರಕವೊಂದನ್ನು ನಿಲ್ಲಿಸಿದರು. ಮೀನಿನ ಸಾವಿಗೆ ಕಲ್ಲು ನಿಲ್ಲಿಸಿದ ಊರುಗಳು ಲೋಕದಲ್ಲಿ ವಿರಳ. ಹೊಳೆಯಲ್ಲಿ ಮತ್ತೆ ಮೀನುಗಳು ತುಂಬಿದವು.

ರಾಜಾಜ್ಞೆ, ದೈವಭಕ್ತಿ, ಆಟದ ನಿಯಮ, ಸರಕಾರದ ಕಾಯಿದೆ, ಈ ನಾಲ್ಕರಲ್ಲಿ ಯಾವುದೊಂದೂ ತಾನೊಂದೇ ಮೀನನ್ನು ಉಳಿಸಿದ್ದಿಲ್ಲ. ಬಂಡೆಯ ಮೇಲೆ ಕೆತ್ತಿದ ಆಜ್ಞೆಯನ್ನು ಓದುವವರಿಲ್ಲದೆ ಶತಮಾನಗಳು ಉರುಳಿದವು. ದೇವರ ಮಡುವಿಗೂ ವಿಷ ಬಿದ್ದಿತು. ಸದುದ್ದೇಶದ ಮರಿಗಳೇ ಕಾವೇರಿಯ ಮೂಲನಿವಾಸಿಗೆ ಕುತ್ತಾದವು. ದೋಣಿಗಳಿಗೆ ದಡದಲ್ಲಿರಬೇಕೆಂಬ ವಿಧಿ ಇದ್ದರೂ, ಬೆರಳುದ್ದದ ಮರಿಯನ್ನು ಸಂತೆಯಲ್ಲಿ ಕೊಳ್ಳುವವರಿರುವವರೆಗೆ ಅದನ್ನು ಹಿಡಿಯುವ ಬಲೆಯೂ ಇದ್ದೇ ಇರುತ್ತದೆ. ಮಾರಾಟವನ್ನು ತಡೆದ ಅಶೋಕನಿಗೆ ಈ ಗುಟ್ಟು ತಿಳಿದಿತ್ತು. ಪೇಟೆಯಲ್ಲಿ ಬುಟ್ಟಿಯ ಮುಂದೆ ನಿಂತು ಬೆಲೆ ಕೇಳುವ ಗೃಹಿಣಿಯ ಕೈಯಲ್ಲಿ, ಮೊಟ್ಟೆ ತುಂಬಿದ ಆಷಾಢದ ಮೀನನ್ನೂ ಬೆಳೆಯದ ಮರಿಯನ್ನೂ ಬೇಡವೆನ್ನುವ ಅಧಿಕಾರವಿದೆ. ಅಷ್ಟರಮಟ್ಟಿಗೆ ಆಕೆಯೂ ಶಾಸನಕರ್ತೆಯೇ.

ಗಾಳದ ಆಟವನ್ನು ಒಪ್ಪುವವರೂ ಒಪ್ಪದವರೂ ಒಂದು ಮಾತಿನಲ್ಲಿ ಕೂಡಿಕೊಳ್ಳಬಹುದು. ಹೊಳೆಯ ದಡದಲ್ಲಿ, ಕಡಲ ಬಂಡೆಯ ಮೇಲೆ ಕಾದು ಕುಳಿತವನ ಕಣ್ಣಿಗೆ ಬೀಳುವ ಸಂಗತಿಗಳು ದೂರದ ಕಚೇರಿಯವರ ಕಣ್ಣಿಗೆ ಬೀಳುವುದಿಲ್ಲ. ಥಾಮಸರ ವರದಿ, ಗಾಲಿಬೋರೆಯ ದಿನಚರಿ, ಟ್ಯೂನಾ ಮೀನಿನ ಬೆನ್ನ ಚೀಟಿ, ಇವೆಲ್ಲ ಗಾಳ ಹಿಡಿದ ಕೈಗಳ ಕೊಡುಗೆ. ಆ ಕೈ ಮೀನನ್ನು ಮರಳಿ ಬಿಡಲು ಕಲಿತ ದಿನದಿಂದ ವಿನೋದವೇ ಕಾವಲಾಯಿತು. ಕಾವೇರಿಯ ಮಡುವಿನಲ್ಲಿ ಡುಬ್ಬದ ಬಿಳಿಮೀನು ಇನ್ನೂ ಎಷ್ಟು ಮಳೆಗಾಲಗಳನ್ನು ಕಾಣುವುದೆಂಬುದು ಆ ಕಾವಲು ಉಳಿಯುವುದನ್ನೇ ಅವಲಂಬಿಸಿದೆ.